ಆವೃತ್ತಿ ನಿಯಂತ್ರಣ ಕ್ಲೈಂಟ್

ಸೋರ್ಸ್ ಕೋಡ್ ಇರುವ ರೆಪೊಸಿಟರಿಯಿಂದ ಕಡತಗಳನ್ನು ತರಲು, ತಂದದ್ದನ್ನು ತಿದ್ದಿ ದಾಖಲಿಸಲು, ಬೇರೆಯವರು ತಿದ್ದಿದ್ದನ್ನು ತನ್ನದರೊಡನೆ ಕೂಡಿಸಲು ಬಳಸುವ ತಂತ್ರಾಂಶ. ಕಮಾಂಡ್ ಸಾಲಿನ ಗಿಟ್ ಮತ್ತು ಎಸ್‌ವಿಎನ್, ವಿಂಡೋಸ್‌ನಲ್ಲಿ ಫೋಲ್ಡರಿನ ಮೇಲೆ ಬಲಕ್ಲಿಕ್ ಮಾಡಿದರೆ ತೆರೆದುಕೊಳ್ಳುವ ಟಾರ್ಟಸ್‌ಎಸ್‌ವಿಎನ್ ಮತ್ತು ಟಾರ್ಟಸ್‌ಗಿಟ್, ಗಿಟ್‌ಹಬ್ ಡೆಸ್ಕ್‌ಟಾಪ್, ವಿಎಸ್ ಕೋಡ್ ಸಂಪಾದಕದ ಒಳಗೇ ಇರುವ ಸೋರ್ಸ್ ಕಂಟ್ರೋಲ್ ಪಟ್ಟಿ, ಇವೆಲ್ಲ ಇದೇ ಜಾತಿಯವು. ನೋಡಲು ಬೇರೆ ಬೇರೆಯಾದರೂ ಕೆಲಸ ಒಂದೇ: ಯಾವ ಸಾಲನ್ನು ಯಾರು, ಯಾವಾಗ, ಯಾಕೆ ಬದಲಿಸಿದರು ಎಂಬ ಲೆಕ್ಕವನ್ನು ಕೋಡಿನ ಜೊತೆಯಲ್ಲೇ ಇಡುವುದು.

ಈ ಕ್ಲೈಂಟ್‌ಗಳು ದೊಡ್ಡ ನಗರಗಳಾಚೆಗೂ ತಲುಪಿವೆ, ಉದಾಹರಣೆಗೆ ರಾಯಚೂರು ಜಿಲ್ಲೆಗೆ. ಕೃಷ್ಣಾ ದಂಡೆಯ ಶಕ್ತಿನಗರ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಸುತ್ತ ಬೆಳೆದ ಊರು. ಇದು ಸಾಫ್ಟ್‌ವೇರ್ ಕಂಪನಿಗಳ ಊರಲ್ಲ. ಆದರೆ ಗಿಟ್ ಈ ಸೀಮೆಗೆ ಕಂಪನಿಯ ಬಾಗಿಲಿನಿಂದ ಬರಬೇಕಾಗಿಯೂ ಇರಲಿಲ್ಲ. ಪಠ್ಯದ ಮೂಲಕ ಬಂತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಮೂರನೆಯ ಸೆಮಿಸ್ಟರಿಗೆ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿತ್ ಗಿಟ್’ ಎಂಬ ಲ್ಯಾಬ್ ಇದೆ. ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ (ಐಐಐಟಿ) 2019ರಲ್ಲಿ ರಾಯಚೂರಿಗೆ ಮಂಜೂರಾಗಿ, ಮೊದಮೊದಲು ಐಐಟಿ ಹೈದರಾಬಾದಿನ ಆಶ್ರಯದಲ್ಲಿ ನಡೆಯಿತು. ಹೀಗಾಗಿ ದೇವದುರ್ಗ, ಮಾನ್ವಿ ಕಡೆಯ ವಿದ್ಯಾರ್ಥಿಗೆ ‘ಕ್ಲೋನ್’, ‘ಪುಶ್’ ಎಂಬ ಮಾತುಗಳು ಕೆಲಸಕ್ಕೆ ಸೇರುವ ಮೊದಲೇ ಕಿವಿಗೆ ಬೀಳುತ್ತವೆ.

ಹಿನ್ನೆಲೆ

ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ 1972ರಲ್ಲಿ ಬರೆದ ಎಸ್‌ಸಿಸಿಎಸ್ ಈ ಬಗೆಯ ಮೊದಲ ಸಾಧನಗಳಲ್ಲೊಂದು. 1982ರಲ್ಲಿ ವಾಲ್ಟರ್ ಟಿಕಿ ಆರ್‌ಸಿಎಸ್ ತಂದರು. ಇವೆರಡೂ ಒಂದೇ ಯಂತ್ರದ ಮೇಲೆ, ಒಂದೊಂದು ಕಡತವನ್ನು ಪ್ರತ್ಯೇಕವಾಗಿ ನೋಡುವಂಥವು. 1986ರಲ್ಲಿ ಡಿಕ್ ಗ್ರೂನ್ ಆರಂಭಿಸಿದ ಸಿವಿಎಸ್ ಮುಂದೆ ಜಾಲದ ಮೇಲೂ ಕೆಲಸ ಮಾಡತೊಡಗಿತು. ರೆಪೊಸಿಟರಿ ಸರ್ವರಿನಲ್ಲಿ, ಕೆಲಸದ ಪ್ರತಿ ಕೈಯಲ್ಲಿ ಎಂಬ ವ್ಯವಸ್ಥೆ ರೂಢಿಯಾದದ್ದು ಅದರಿಂದ. ಸಿವಿಎಸ್‌ನಲ್ಲಿ ಹತ್ತು ಕಡತ ಸೇರಿಸುವಾಗ ಐದರ ಹೊತ್ತಿಗೆ ಸಂಪರ್ಕ ಕಡಿದರೆ ಐದು ಒಳಗೆ, ಐದು ಹೊರಗೆ. 2000ದಲ್ಲಿ ಕೊಲಾಬ್‌ನೆಟ್ ಕಂಪನಿ ಶುರುಮಾಡಿ 2004ರಲ್ಲಿ 1.0 ಆವೃತ್ತಿ ಮುಟ್ಟಿದ ಸಬ್‌ವರ್ಶನ್ (ಎಸ್‌ವಿಎನ್) ಈ ತೊಂದರೆ ಕಳೆಯಿತು: ಸೇರಿದರೆ ಹತ್ತೂ ಸೇರಬೇಕು, ಇಲ್ಲವಾದರೆ ಒಂದೂ ಇಲ್ಲ.

ಗಿಟ್ ಹುಟ್ಟಿದ್ದು ಜಗಳದಿಂದ. ಲಿನಕ್ಸ್ ಕರ್ನೆಲ್ ತಂಡ ಬಳಸುತ್ತಿದ್ದ ಬಿಟ್‌ಕೀಪರ್ ಖಾಸಗಿ ತಂತ್ರಾಂಶ. ಅದನ್ನು ಪುಕ್ಕಟೆಯಾಗಿ ಬಳಸಲು ಕೊಟ್ಟಿದ್ದ ಅನುಮತಿ 2005ರಲ್ಲಿ ರದ್ದಾಯಿತು. ಲಿನಕ್ಸ್ ಜನಕ ಲೀನಸ್ ಟೊರ್ವಾಲ್ಡ್ಸ್ ಅದೇ ವರ್ಷದ ಏಪ್ರಿಲ್‌ನಲ್ಲಿ ಗಿಟ್ ಬರೆಯಲು ಕೂತರು; ಏಪ್ರಿಲ್ 7ರ ಹೊತ್ತಿಗೆ ಗಿಟ್ ತನ್ನ ಕೋಡನ್ನು ತಾನೇ ಕಾಯುವಷ್ಟಾಗಿತ್ತು. ಜುಲೈನಲ್ಲಿ ಉಸ್ತುವಾರಿ ಜುನಿಯೊ ಹಮಾನೊ ಅವರಿಗೆ ಹೋಯಿತು. ಮ್ಯಾಟ್ ಮ್ಯಾಕಲ್ ಅವರ ಮರ್ಕ್ಯುರಿಯಲ್ ಕೂಡ ಅದೇ ಏಪ್ರಿಲ್ ತಿಂಗಳ, ಅದೇ ಕಾರಣದ ಕೂಸು. 2008ರಲ್ಲಿ ಬಂದ ಗಿಟ್‌ಹಬ್ ತಾಣ ಗಿಟ್ಟನ್ನು ಕರ್ನೆಲ್ ಬರೆಯುವವರ ಕೈಯಿಂದ ಎಲ್ಲರ ಕೈಗೂ ತಂದಿತು. 2018ರಲ್ಲಿ ಮೈಕ್ರೋಸಾಫ್ಟ್ ಆ ತಾಣವನ್ನು ಕೊಂಡುಕೊಂಡಿತು.

ಕೋಡ್ ತರುವುದು

ರೆಪೊಸಿಟರಿಯಿಂದ ಕೋಡ್ ಪಡೆಯಲು ವಿದ್ಯಾರ್ಥಿಗಳು ಹೆಚ್ಚಾಗಿ ಹಿಡಿಯುವ ದಾರಿ ಝಿಪ್ ಇಳಿಸಿಕೊಳ್ಳುವುದು. ಗಿಟ್‌ಹಬ್ ಪುಟದ ಹಸಿರು ಗುಂಡಿ ಒತ್ತಿದರೆ ಆಯಿತು, ಕ್ಲೈಂಟೇ ಬೇಡ. ಓಡಿಸಿ ನೋಡಲು ಅಷ್ಟು ಸಾಕು. ಆದರೆ ಝಿಪ್‌ನಲ್ಲಿ ಬರುವುದು ಆ ದಿನದ ಕಡತಗಳು ಮಾತ್ರ. ಒಂದು ವಿಚಿತ್ರ ಶರತ್ತು ಯಾಕಿದೆ, ಮೊದಲು ಹೇಗಿತ್ತು, ಯಾವ ದೋಷಕ್ಕೆ ಅದನ್ನು ಹಾಕಿದರು ಎಂಬುದು ಬರುವುದಿಲ್ಲ. ನಾಳೆ ಮೂಲ ಬದಲಾದರೆ ಮತ್ತೆ ಪೂರ್ತಿ ಇಳಿಸಿ, ತಾನು ತಿದ್ದಿದ್ದನ್ನು ಕಣ್ಣಿಂದಲೇ ಹುಡುಕಿ ಸೇರಿಸಬೇಕು. ಪ್ರಾಜೆಕ್ಟ್ ವರದಿಯ ಹಿಂದಿನ ರಾತ್ರಿ ‘ಫೈನಲ್’, ‘ಫೈನಲ್ 2’, ‘ಫೈನಲ್ ಹೊಸದು’ ಎಂಬ ಫೋಲ್ಡರುಗಳು ಸಾಲುಗಟ್ಟುವುದು ಈ ದಾರಿಯ ಕೊನೆಯಲ್ಲಿಯೇ.

ಸಬ್‌ವರ್ಶನ್‌ನ ಚೆಕ್‌ಔಟ್ ಸರ್ವರಿನಿಂದ ಒಂದು ಆವೃತ್ತಿಯನ್ನು ಕೆಲಸದ ಪ್ರತಿಯಾಗಿ ತರುತ್ತದೆ. ಇತಿಹಾಸ ಸರ್ವರಿನಲ್ಲೇ ಉಳಿಯುತ್ತದೆ. ಹಳೆಯ ಲಾಗ್ ನೋಡಲು ಜಾಲ ಬೇಕು. ಇದರ ದೊಡ್ಡ ಅನುಕೂಲವೆಂದರೆ ಬೇಕಾದ ಒಂದು ಉಪಫೋಲ್ಡರನ್ನಷ್ಟೇ ತರಬಹುದು. ಕನ್ನಡದ ಮಟ್ಟಿಗೆ ಇದಕ್ಕೆ ಜೀವಂತ ಉದಾಹರಣೆ ಕೆಡಿಇ. ಈ ಡೆಸ್ಕ್‌ಟಾಪ್ ಯೋಜನೆ 2005ರಲ್ಲಿ ಸಿವಿಎಸ್ ಬಿಟ್ಟು ಸಬ್‌ವರ್ಶನ್‌ಗೆ ಬಂತು. 2009ರ ಜುಲೈಯಲ್ಲಿ ಅದರ ರೆಪೊಸಿಟರಿ ಹತ್ತು ಲಕ್ಷದ ಕಮಿಟ್ (ದಾಖಲಾದ ಬದಲಾವಣೆ) ಕಂಡಿತು. ಆಮೇಲೆ ಕೋಡು ಗಿಟ್‌ಗೆ ಹೋದರೂ ಅನುವಾದಗಳು ಸಬ್‌ವರ್ಶನ್‌ನಲ್ಲೇ ನಿಂತವು. ಎಲ್ಲ ಭಾಷೆಗಳಿಗೂ ಒಂದೊಂದು ಫೋಲ್ಡರ್, ಅದರಲ್ಲಿ ಕನ್ನಡದ್ದೂ ಒಂದು. ಕನ್ನಡ ಅನುವಾದಕ ಆ ಒಂದು ಫೋಲ್ಡರನ್ನು ಯಾವ ಖಾತೆಯೂ ಇಲ್ಲದೆ ಚೆಕ್‌ಔಟ್ ಮಾಡಬಹುದು; ತಿದ್ದಿದ್ದನ್ನು ಸೇರಿಸುವುದಕ್ಕೆ ಮಾತ್ರ ಅನುಮತಿ ಬೇಕು. ಹಳೆಯದೆಂದು ಸಬ್‌ವರ್ಶನ್ನನ್ನು ಮೂಲೆಗೆ ತಳ್ಳುವವರು ಇದನ್ನು ಗಮನಿಸಿರುವುದಿಲ್ಲ.

ಗಿಟ್‌ನ ಕ್ಲೋನ್ ಇದಕ್ಕೆ ತದ್ವಿರುದ್ಧ. ಮೊದಲ ದಿನದಿಂದ ಇವತ್ತಿನವರೆಗಿನ ಎಲ್ಲ ಕಮಿಟ್‌ಗಳೂ ಫೋಲ್ಡರಿನೊಳಗಿನ ‘.ಗಿಟ್’ ಎಂಬ ಮರೆಯ ಫೋಲ್ಡರಿಗೆ ಬಂದು ಸೇರುತ್ತವೆ. ತಂದಾದ ಮೇಲೆ ಲಾಗ್ ನೋಡಲು, ಹಳೆಯ ಆವೃತ್ತಿಗೆ ಹೋಗಲು, ಹೊಸ ಬ್ರಾಂಚ್ (ಕವಲು) ತೆಗೆಯಲು ಜಾಲ ಬೇಕಿಲ್ಲ. ಕ್ಲೋನ್ ಮಾಡಿದವರ ಪ್ರತಿಯೂ ಸರ್ವರಿನ ಪ್ರತಿಯಷ್ಟೇ ಪೂರ್ಣ. ಈ ಗುಣದ ಬೆಲೆ ಭಾರತದಲ್ಲಿ ಒಮ್ಮೆ ಎದ್ದು ಕಂಡಿತು. 2014ರ ಡಿಸೆಂಬರ್ ಕೊನೆಗೆ ದೂರಸಂಪರ್ಕ ಇಲಾಖೆಯ ಆದೇಶದ ಮೇರೆಗೆ 32 ವೆಬ್ ವಿಳಾಸಗಳನ್ನು ತಡೆದಾಗ ಗಿಟ್‌ಹಬ್ ಕೂಡ ಆ ಪಟ್ಟಿಯಲ್ಲಿತ್ತು. ಕೆಲವು ದಿನಗಳಲ್ಲಿ ತೆರವಾಯಿತು. ಅಷ್ಟು ದಿನ ಝಿಪ್ ನಂಬಿದವರ ಕೈ ಖಾಲಿ, ಕ್ಲೋನ್ ಇದ್ದವರ ಕೆಲಸ ನಡೆದೇ ಇತ್ತು. 2016ರ ಜನವರಿಯಲ್ಲಿ ಗೂಗಲ್ ಕೋಡ್ ತಾಣವೇ ಮುಚ್ಚಿದಾಗಲೂ ಕ್ಲೋನ್‌ಗಳಲ್ಲಿದ್ದ ಇತಿಹಾಸ ಹಾಗೆಯೇ ಉಳಿಯಿತು.

ಪೂರ್ಣ ಪ್ರತಿಯ ಖರ್ಚೂ ಪೂರ್ಣವೇ. ಲಿನಕ್ಸ್ ಕರ್ನೆಲ್‌ನಂಥ, ಹತ್ತು ಲಕ್ಷ ಕಮಿಟ್ ಮೀರಿದ ರೆಪೊಸಿಟರಿಯನ್ನು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕ್ಲೋನ್ ಮಾಡಹೊರಟರೆ ಆ ದಿನದ ಡೇಟಾ ಮುಗಿಯುವುದು ಖಂಡಿತ. ಅದಕ್ಕಿಂತ ಕಷ್ಟದ್ದು, ಅರ್ಧಕ್ಕೆ ನಿಂತ ಗಿಟ್ ಕ್ಲೋನ್ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಮತ್ತೆ ಸೊನ್ನೆಯಿಂದ ಶುರು. ಸಬ್‌ವರ್ಶನ್‌ನಲ್ಲಿ ಹಾಗಿಲ್ಲ, ಕ್ಲೀನಪ್ ಮಾಡಿ ಅಪ್‌ಡೇಟ್ ಕೊಟ್ಟರೆ ಉಳಿದದ್ದನ್ನು ತರುತ್ತದೆ. ನಾಡಿಗೆಲ್ಲ ಕರೆಂಟು ಕಳಿಸುವ ಶಕ್ತಿನಗರದಲ್ಲೂ ನೆಟ್‌ವರ್ಕ್ ಬಿದ್ದುಹೋಗುವುದು ಹೊಸದೇನಲ್ಲವಾದ್ದರಿಂದ ಇದಕ್ಕೊಂದು ಉಪಾಯ ಗೊತ್ತಿರಬೇಕು. ‘ಡೆಪ್ತ್’ ಎಂಬ ಆಯ್ಕೆಗೆ 1 ಕೊಟ್ಟರೆ ಕೊನೆಯ ಕಮಿಟ್ ಮಾತ್ರ ಬರುತ್ತದೆ. ಆಮೇಲೆ ‘ಡೀಪನ್’ ಆಯ್ಕೆಯೊಂದಿಗೆ ಫೆಚ್ ಮಾಡುತ್ತ ನೂರು, ಇನ್ನೂರು ಕಮಿಟ್‌ಗಳಂತೆ ಹಿಂದಕ್ಕೆ ಇಳಿಯಬಹುದು. ಒಂದು ಹಂತ ಮುಗಿದರೆ ಅದು ಕೈಸೇರಿದ ಹಾಗೆ. ಎಲ್ಲವೂ ಬೇಕಾದಾಗ ‘ಅನ್‌ಶ್ಯಾಲೋ’.

ಇನ್ನೊಂದು ದಾರಿಯನ್ನು ಪಠ್ಯಗಳು ಹೇಳುವುದು ಅಪರೂಪ. ‘ಗಿಟ್ ಬಂಡಲ್’ ಎಂಬ ಆಜ್ಞೆ ಇಡೀ ರೆಪೊಸಿಟರಿಯನ್ನು ಇತಿಹಾಸ ಸಮೇತ ಒಂದೇ ಕಡತವಾಗಿ ಕಟ್ಟುತ್ತದೆ. ರಾಯಚೂರಿನ ಲ್ಯಾಬಿನಲ್ಲಿ ಕಟ್ಟಿ, ಪೆನ್‌ಡ್ರೈವ್‌ಗೆ ಹಾಕಿಕೊಂಡು, ದೇವದುರ್ಗದ ಮನೆಯಲ್ಲಿ ಆ ಕಡತದಿಂದಲೇ ಕ್ಲೋನ್ ಮಾಡಬಹುದು. ಮುಂದಿನ ವಾರ ಹೊಸ ಕಮಿಟ್‌ಗಳಷ್ಟನ್ನೇ ಕಟ್ಟಿ ತಂದರೂ ಸಾಕು.

ಕೋಡ್ ನಿರ್ವಹಿಸುವುದು

ಗಿಟ್ ಕ್ಲೈಂಟಿನಲ್ಲಿ ಕಡತವೊಂದು ಮೂರು ಕಡೆ ಇರಬಹುದು: ಕಣ್ಣಿಗೆ ಕಾಣುವ ಕೆಲಸದ ಫೋಲ್ಡರ್, ಮುಂದಿನ ಕಮಿಟ್‌ಗೆ ಆರಿಸಿಟ್ಟ ಸ್ಟೇಜ್, ಮತ್ತು ದಾಖಲಾದ ಇತಿಹಾಸ. ಹೊಸಬರು ಎಡವುವುದು ನಡುವಿನದರಲ್ಲಿ. ‘ಆ್ಯಡ್’ ಮಾಡಿದ ಮೇಲೆ ಮತ್ತೆ ತಿದ್ದಿ ಹಾಗೆಯೇ ಕಮಿಟ್ ಕೊಟ್ಟರೆ ಮೊದಲು ಆರಿಸಿಟ್ಟದ್ದು ಮಾತ್ರ ದಾಖಲಾಗುತ್ತದೆ, ಆಮೇಲೆ ತಿದ್ದಿದ್ದು ಹೊರಗೆ ಉಳಿಯುತ್ತದೆ. ಸಬ್‌ವರ್ಶನ್‌ನಲ್ಲಿ ಈ ಮೆಟ್ಟಿಲಿಲ್ಲ. ಕಮಿಟ್ ಎಂದರೆ ನೇರ ಸರ್ವರಿಗೆ. ಗಿಟ್‌ನಲ್ಲಿ ಕಮಿಟ್ ತನ್ನ ಯಂತ್ರದಲ್ಲೇ ಆಗುತ್ತದೆ, ಬೇರೆಯವರಿಗೆ ತಲುಪಿಸಲು ಪುಶ್ ಬೇರೆ ಬೇಕು.

ಪ್ರತಿ ಕಮಿಟ್‌ಗೂ ಅದರ ಒಳಗಿನದರಿಂದಲೇ ಲೆಕ್ಕಹಾಕಿದ, ಹದಿನಾರರ ಪದ್ಧತಿಯಲ್ಲಿ ಸಾಮಾನ್ಯವಾಗಿ 40 ಅಂಕಿಗಳ ಗುರುತು ಇರುತ್ತದೆ. ಹಿಂದಿನ ಕಮಿಟ್‌ನ ಗುರುತೂ ಆ ಲೆಕ್ಕದಲ್ಲಿ ಸೇರುವುದರಿಂದ ಹಳೆಯದೊಂದನ್ನು ಸದ್ದಿಲ್ಲದೆ ಬದಲಿಸಲಾಗದು. ಬದಲಿಸಿದರೆ ಅಲ್ಲಿಂದಾಚೆಗಿನ ಎಲ್ಲ ಗುರುತುಗಳೂ ಬದಲಾಗುತ್ತವೆ. ಸಬ್‌ವರ್ಶನ್ ಒಂದು, ಎರಡು, ಮೂರು ಎಂದು ಸರಳವಾಗಿ ಎಣಿಸುತ್ತದೆ. ಓದಲು ಅದೇ ಸುಲಭ, ಆದರೆ ಎಣಿಸಲು ನಡುವೆ ಒಬ್ಬ ಯಜಮಾನ ಸರ್ವರ್ ಇರಲೇಬೇಕು.

ಬ್ರಾಂಚ್ ತೆಗೆಯುವುದು, ಅದನ್ನು ಮರ್ಜ್ ಮಾಡುವುದು (ಮತ್ತೆ ಕೂಡಿಸುವುದು) ಈಚಿನ ಎಲ್ಲ ಕ್ಲೈಂಟ್‌ಗಳಲ್ಲೂ ಸುಲಭವಾಗಿದೆ. ಒಂದೇ ಸಾಲನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದಿದ್ದರೆ ಕ್ಲೈಂಟ್ ನಿರ್ಧಾರ ಮಾಡದೆ ಎರಡನ್ನೂ ಗುರುತುಹಾಕಿ ಮುಂದಿಡುತ್ತದೆ. ಆ ಹೊತ್ತಿಗೆ ಬೇಕಾದದ್ದು ಆಜ್ಞೆಯ ಜ್ಞಾನಕ್ಕಿಂತ ಕೋಡಿನ ಜ್ಞಾನ. ಸಾಲುಸಾಲಾಗಿ ಹೋಲಿಸಲು ಬಾರದ ಕಡತಗಳ ಮಾತೇ ಬೇರೆ. ಚಿತ್ರ, ವಿನ್ಯಾಸದ ನಕ್ಷೆ, ಯಂತ್ರ ನಿಯಂತ್ರಣದ ಖಾಸಗಿ ತಂತ್ರಾಂಶಗಳು ಉಳಿಸುವ ಬೈನರಿ ಕಡತಗಳನ್ನು ಇಬ್ಬರು ಒಟ್ಟಿಗೆ ತಿದ್ದಿದರೆ ಒಬ್ಬರ ಕೆಲಸ ಹೋಗುವುದೇ. ಅಂಥವಕ್ಕೆ ಸಬ್‌ವರ್ಶನ್‌ನ ‘ಲಾಕ್’ ಸರಿಯಾದ ಮದ್ದು: ಒಬ್ಬರು ಬೀಗ ಹಾಕಿಕೊಂಡಿರುವಾಗ ಇನ್ನೊಬ್ಬರು ಕಮಿಟ್ ಮಾಡಲಾಗದು.

ಕನ್ನಡದ ಕಡತಗಳು

ಕನ್ನಡ ಹೆಸರಿನ ಕಡತವನ್ನು ಗಿಟ್‌ಗೆ ಸೇರಿಸಿ ‘ಸ್ಟೇಟಸ್’ ಕೇಳಿದವರಿಗೆ ಮೊದಲು ಗಾಬರಿಯಾಗುತ್ತದೆ. ‘ಕ’ ಇರಬೇಕಾದಲ್ಲಿ \340\262\225 ಎಂದು ಕಾಣುತ್ತದೆ. ಕಡತ ಕೆಟ್ಟಿಲ್ಲ. ಆಸ್ಕಿಯಲ್ಲದ ಹೆಸರುಗಳನ್ನು ಗಿಟ್ ತಾನಾಗಿ ಎಂಟರ ಪದ್ಧತಿಯ ಬೈಟ್ ಸಂಖ್ಯೆಗಳಾಗಿ ಬರೆಯುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಯುನಿಕೋಡ್ ಸಂಕೇತಕ್ಕೂ ಮೂರು ಬೈಟ್, ಹಾಗಾಗಿ ಮೂರು ಸಂಖ್ಯೆ. ಕಾನ್ಫಿಗ್‌ನಲ್ಲಿ ‘ಕೋರ್ ಡಾಟ್ ಕೋಟ್‌ಪಾತ್’ ಎಂಬುದನ್ನು ‘ಫಾಲ್ಸ್’ ಮಾಡಿದರೆ ಹೆಸರು ಹೆಸರಾಗಿಯೇ ಕಾಣುತ್ತದೆ. ಕನ್ನಡದಲ್ಲಿ ಕೆಲಸ ಮಾಡುವವರು ಗಿಟ್ ಹಾಕಿಕೊಂಡ ಕೂಡಲೇ ಮಾಡಬೇಕಾದ ಬದಲಾವಣೆ ಇದು. ಕಮಿಟ್ ಸಂದೇಶವನ್ನು, ತನ್ನ ಹೆಸರನ್ನು ಕನ್ನಡದಲ್ಲೇ ಬರೆಯಲು ಅಡ್ಡಿಯಿಲ್ಲ.

ಹಲವು ಟರ್ಮಿನಲ್‌ಗಳು ಒತ್ತಕ್ಷರದ ಮುಂದೆ ಇವತ್ತಿಗೂ ಸೋಲುತ್ತವೆ. ಒಂದಕ್ಷರಕ್ಕೆ ಒಂದು ಚೌಕ ಎಂಬ ಲೆಕ್ಕದಲ್ಲಿ ಕಟ್ಟಿದ ಪರದೆಯಲ್ಲಿ ‘ಕ್ಷ’, ‘ಸ್ತ್ರ’ಗಳು ಒಡೆದು ಹರಡುತ್ತವೆ. ಸಿ ಭಾಷೆಯ ಕೋಡಿಗೆ ಕಮಾಂಡ್ ಸಾಲು ಚೆಂದ. ಕನ್ನಡ ಪಠ್ಯದ ವ್ಯತ್ಯಾಸ ನೋಡಲು ವಿಎಸ್ ಕೋಡ್ ಅಥವಾ ಟಾರ್ಟಸ್‌ಗಿಟ್‌ನಂಥ ಚಿತ್ರರೂಪದ ಕ್ಲೈಂಟೇ ಮೇಲು. ಕಮಾಂಡ್ ಬಲ್ಲವರೇ ಜಾಣರು ಎಂಬ ಹಮ್ಮು ಇಲ್ಲಿ ಕೆಲಸಕ್ಕೆ ಬಾರದು.

ಕಣ್ಣಿಗೆ ಕಾಣದ ತೊಡಕೊಂದಿದೆ. ‘ಕೊ’, ‘ಕೋ’, ‘ಕೀ’ಗಳ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಎರಡು ಮೂರಾಗಿಯೂ ಬರೆಯಬಹುದು. ಓದುವವರಿಗೆ ಎರಡೂ ಒಂದೇ, ಗಿಟ್‌ಗೆ ಬೇರೆ ಬೇರೆ. ವ್ಯತ್ಯಾಸ ತೋರಿಸುವ ಡಿಫ್‌ನಲ್ಲಿ ಒಂದೇ ಥರ ಕಾಣುವ ಎರಡು ಸಾಲುಗಳಲ್ಲಿ ಒಂದು ಕೆಂಪು, ಒಂದು ಹಸಿರಾಗಿದ್ದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ. ಹಳೆಯ ಮ್ಯಾಕ್ ಯಂತ್ರಗಳು ಕಡತದ ಹೆಸರನ್ನು ಬಿಡಿಸಿ ಉಳಿಸುತ್ತಿದ್ದವು. ಗಿಟ್‌ನಲ್ಲಿ ಮ್ಯಾಕ್‌ಗೆಂದೇ ಇದಕ್ಕೊಂದು ಸೆಟ್ಟಿಂಗ್ ಸೇರಿಸಬೇಕಾಯಿತು.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳ ಹಳೆಯ ಫಾಂಟ್ ಸಂಕೇತಗಳಲ್ಲಿ ಟೈಪ್ ಮಾಡಿದ ದಾಖಲೆಗಳು ಕಚೇರಿಗಳಲ್ಲಿ ಇನ್ನೂ ರಾಶಿಯಾಗಿವೆ. ಅವನ್ನು ಹಾಗೆಯೇ ಸೇರಿಸಿದರೆ ಕ್ಲೈಂಟಿಗೆ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಹುಡುಕಲೂ ಬರುವುದಿಲ್ಲ, ಹೋಲಿಸಲೂ ಬರುವುದಿಲ್ಲ. ಮೊದಲು ಯುನಿಕೋಡ್‌ಗೆ ತಿರುಗಿಸಬೇಕು. ಅದಕ್ಕೆ ಅರವಿಂದ ವಿ. ಕೆ. ಬರೆದ ಪರಿವರ್ತಕವೊಂದು ಗಿಟ್‌ಹಬ್‌ನಲ್ಲಿ ಮುಕ್ತವಾಗಿದೆ. ಡೆಬಿಯನ್ ಲಿನಕ್ಸ್‌ನೊಂದಿಗೆ ದೊರೆಯುವ ಗುಬ್ಬಿ, ನವಿಲು ಫಾಂಟ್‌ಗಳೂ ಅವರವೇ.

ವಿಕಿಪೀಡಿಯದಲ್ಲಿ ಕನ್ನಡ ಟೈಪ್ ಮಾಡಲು ನೆರವಾಗುವ ಜೆಕ್ವೆರಿ.ಐಎಂಇ ಎಂಬ ಕೋಡು ಕಲಿಯುವವರಿಗೆ ಒಳ್ಳೆಯ ಮೊದಲ ಕ್ಲೋನ್. ಗಾತ್ರ ಚಿಕ್ಕದು, ಪರವಾನಗಿ ಮುಕ್ತ. ಅದರ ‘ರೂಲ್ಸ್’ ಫೋಲ್ಡರಿನಲ್ಲಿ ಕನ್ನಡಕ್ಕೆ ಇನ್‌ಸ್ಕ್ರಿಪ್ಟ್, ಲಿಪ್ಯಂತರ, ಹಾಗೂ ನುಡಿ ಬಳಸಿದವರಿಗೆಲ್ಲ ಪರಿಚಿತವಾದ ಕೆಜಿಪಿ ಕೀಲಿಮಣೆ ವಿನ್ಯಾಸದ ಕಡತಗಳು ಬೇರೆ ಬೇರೆ ಇವೆ. ‘ಎಫ್’ ಕೀಲಿ ಒತ್ತಿದರೆ ಅರ್ಧಾಕ್ಷರ ಹೇಗೆ ಬರುತ್ತದೆ ಎಂಬುದನ್ನು ಅಲ್ಲಿ ಓದಬಹುದು. ಆ ಒಂದು ಕಡತದ ಲಾಗ್ ತೆಗೆದರೆ ಯಾವ ನಿಯಮ ಯಾವಾಗ ಸೇರಿತೆಂಬುದು ಕಾಣುತ್ತದೆ. ‘ಬ್ಲೇಮ್’ ಕೊಟ್ಟರೆ ಪ್ರತಿ ಸಾಲಿನ ಎದುರಿಗೂ ಬರೆದವರ ಹೆಸರು. ವಿಕಿಪೀಡಿಯ ನಡೆಸುವ ವಿಕಿಮೀಡಿಯ 2012ರ ಮಾರ್ಚ್‌ನಲ್ಲಿ ಸಬ್‌ವರ್ಶನ್‌ನಿಂದ ಗಿಟ್‌ಗೆ ಬಂದಿತು, ಗ್ನೋಮ್ ಡೆಸ್ಕ್‌ಟಾಪ್ 2009ರಲ್ಲೇ ಬಂದಿತ್ತು. ಗ್ನೋಮ್‌ನ ಕನ್ನಡ ಅನುವಾದದ ಬಹುಭಾಗ ರೆಡ್‌ಹ್ಯಾಟ್‌ನಲ್ಲಿದ್ದ ಶಂಕರ್ ಪ್ರಸಾದ್ ಅವರ ದುಡಿಮೆ; ಅದರ ಹೆಜ್ಜೆಗುರುತುಗಳು ಆ ರೆಪೊಸಿಟರಿಗಳ ಲಾಗ್‌ಗಳಲ್ಲಿ ಇವತ್ತಿಗೂ ಓದಸಿಗುತ್ತವೆ.

ಕೋಡ್ ಬರೆಯದವರಿಗೂ ಈ ಕ್ಲೈಂಟ್ ಬೇಕಾದೀತು, ವಿಶೇಷವಾಗಿ ರಾಯಚೂರು ಜಿಲ್ಲೆಯಲ್ಲಿ. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ, ಗೋಪಾಲದಾಸರ ದೇವದುರ್ಗ ಸೀಮೆಯ ಮೊಸರಕಲ್ಲು ಎಲ್ಲವೂ ಇಲ್ಲಿಯವೇ. ದಾಸರ ಪದಗಳಿಗೆ, ಜಗನ್ನಾಥದಾಸರ ಹರಿಕಥಾಮೃತಸಾರಕ್ಕೆ ಪಾಠಾಂತರಗಳು ಸಹಜ. ಅಂಥ ಪಠ್ಯವನ್ನು ರೆಪೊಸಿಟರಿಯಲ್ಲಿ ಇಡುವವರು ಷಟ್ಪದಿಯ ಒಂದೊಂದು ಸಾಲನ್ನೂ ಕಡತದಲ್ಲಿ ಪ್ರತ್ಯೇಕ ಸಾಲಾಗಿ ಇಡಬೇಕು. ಡಿಫ್ ಸಾಲಿನ ಲೆಕ್ಕದಲ್ಲಿ ನಡೆಯುವುದರಿಂದ ಒಂದಕ್ಷರದ ತಿದ್ದುಪಡಿ ಆಗ ಒಂದೇ ಸಾಲಿನಲ್ಲಿ ಕಾಣುತ್ತದೆ. ಪದ್ಯವನ್ನೆಲ್ಲ ಒಂದೇ ಸಾಲಾಗಿ ಹರಿಸಿದ್ದರೆ ಆರು ಸಾಲಿನಲ್ಲಿ ಒಂದು ದೀರ್ಘ ಹುಡುಕಬೇಕು. ಪಾಠಾಂತರಗಳನ್ನು ಬ್ರಾಂಚ್‌ಗಳಾಗಿ ಇಡಬೇಕೆಂದು ಮೊದಲಿಗೆ ಅನ್ನಿಸುವುದು ಸಹಜ, ಆದರೆ ಅದು ಸರಿಹೋಗದು. ಬ್ರಾಂಚ್ ಎಂದಾದರೂ ಮರ್ಜ್ ಆಗಲೆಂದೇ ಇರುವುದು. ಪಾಠಾಂತರ ಹಾಗೆ ಕರಗಬೇಕಾದದ್ದಲ್ಲ. ಪ್ರತಿಗೊಂದು ಕಡತ ಇಟ್ಟು, ಟೈಪಿಂಗ್ ತಪ್ಪುಗಳ ತಿದ್ದುಪಡಿಯನ್ನು ಮಾತ್ರ ಕಮಿಟ್‌ಗಳಲ್ಲಿ ದಾಖಲಿಸುವುದು ಒಳ್ಳೆಯದು.

ಕಲಿಕೆ ಮತ್ತು ಎಚ್ಚರಗಳು

ಆರಂಭದಲ್ಲಿ ಹೇಳಿದ ವಿಶ್ವೇಶ್ವರಯ್ಯ ವಿಶ್ವವಿದ್ಯಾಲಯದ ಗಿಟ್ ಲ್ಯಾಬಿನ ಪ್ರಯೋಗಗಳು ರೆಪೊಸಿಟರಿ ಶುರುಮಾಡುವುದರಿಂದ ಹಿಡಿದು ಬ್ರಾಂಚ್, ಸ್ಟ್ಯಾಶ್, ಕ್ಲೋನ್, ರೀಬೇಸ್, ಟ್ಯಾಗ್, ಚೆರಿಪಿಕ್, ರಿವರ್ಟ್‌ವರೆಗೆ ಹೋಗುತ್ತವೆ. ಒಬ್ಬ ಲೇಖಕ 2023ರ ಜನವರಿ 1ರಿಂದ ಡಿಸೆಂಬರ್ 31ರ ನಡುವೆ ಮಾಡಿದ ಕಮಿಟ್‌ಗಳನ್ನು ಪಟ್ಟಿಮಾಡಿ ಎಂಬ ಪ್ರಶ್ನೆಯೂ ಅಲ್ಲಿದೆ. ವ್ಯಾಪ್ತಿ ಚೆನ್ನಾಗಿಯೇ ಇದೆ. ಆದರೆ ತಾನೇ ಅದೇ ದಿನ ತೆರೆದ ಖಾಲಿ ಫೋಲ್ಡರಿನಲ್ಲಿ ಈ ಪ್ರಶ್ನೆಗೆ ಉತ್ತರಿಸಿದರೆ ಬರುವುದು ಬರೀ ಸೊನ್ನೆ. ನಿಜವಾದ ರೆಪೊಸಿಟರಿಯೊಂದನ್ನು ಕ್ಲೋನ್ ಮಾಡಿ ಕೇಳಿದರೆ ಪ್ರಶ್ನೆಗೆ ಜೀವ ಬರುತ್ತದೆ.

ಕಮಿಟ್ ಜೊತೆ ಹೆಸರು, ಇಮೇಲ್ ವಿಳಾಸ ಎರಡೂ ದಾಖಲಾಗುತ್ತವೆ. ಪುಶ್ ಮಾಡಿದ ಮೇಲೆ ಅವು ಕ್ಲೋನ್ ಮಾಡಿದ ಎಲ್ಲರ ಯಂತ್ರದಲ್ಲೂ ಇರುತ್ತವೆ. ಬೇಡವಾದರೆ ಗಿಟ್‌ಹಬ್ ಕೊಡುವ ಮುಸುಕಿನ ವಿಳಾಸವನ್ನು ಮೊದಲೇ ಹಾಕಿಕೊಳ್ಳಬೇಕು. ಲ್ಯಾಬಿನ ಯಂತ್ರಗಳಲ್ಲಿ ಹಿಂದೆ ಕೂತವರ ಹೆಸರು ಕಾನ್ಫಿಗ್‌ನಲ್ಲಿ ಉಳಿದಿರುತ್ತದೆ. ನೋಡದೆ ಕಮಿಟ್ ಮಾಡಿದವರ ಕೆಲಸ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಗಿಟ್‌ಹಬ್ 2021ರ ಆಗಸ್ಟ್ 13ರಿಂದ ಪುಶ್ ಮಾಡಲು ಖಾತೆಯ ಪಾಸ್‌ವರ್ಡ್ ಒಪ್ಪುತ್ತಿಲ್ಲ. ಟೋಕನ್ ಅಥವಾ ಎಸ್‌ಎಸ್‌ಎಚ್ ಕೀಲಿ ಬೇಕು. ಹಳೆಯ ಪಾಠ ನೋಡಿ ಕಲಿಯುವವರು ಪಾಸ್‌ವರ್ಡ್ ಮತ್ತೆ ಮತ್ತೆ ಕುಟ್ಟಿ ಸೋಲುವುದು ಇದಕ್ಕೇ.

ಡೇಟಾಬೇಸಿನ ಪಾಸ್‌ವರ್ಡ್ ಇದ್ದ ಕಡತವನ್ನು ತಪ್ಪಿ ಪುಶ್ ಮಾಡಿ, ಮರುಕ್ಷಣ ಅಳಿಸಿ ಇನ್ನೊಂದು ಕಮಿಟ್ ಮಾಡಿದರೆ ಅದು ಹೋಗುವುದಿಲ್ಲ. ಹಿಂದಿನ ಕಮಿಟ್‌ನಲ್ಲಿ ಕೂತಿರುತ್ತದೆ. ಇತಿಹಾಸವನ್ನೇ ತಿದ್ದಿ ಬರೆಯುವ ಸಾಧನಗಳಿವೆ, ಆದರೆ ಅಷ್ಟರೊಳಗೆ ಕ್ಲೋನ್ ಮಾಡಿಕೊಂಡವರ ಪ್ರತಿಯನ್ನು ಅವು ಮುಟ್ಟಲಾರವು. ಮೊದಲು ಮಾಡಬೇಕಾದದ್ದು ಆ ಪಾಸ್‌ವರ್ಡನ್ನೇ ಬದಲಿಸುವುದು. ರೆಪೊಸಿಟರಿ ಶುಚಿಮಾಡುವುದು ಆಮೇಲೆ.